ಮರದ ಸೌಟೋ, ಸಿಲಿಕೋನ್ ಸೌಟೋ?

ಅಡುಗೆಮನೆಯ ಕಡೆ ಕಾಲೇ ಏಳದವರಿಗೆ ಮೊದಲು ಬೇಕಿರುವುದು ಹೊಸ ಪಾತ್ರೆಯಲ್ಲ, ಕೈಗೆತ್ತಿಕೊಳ್ಳಬೇಕೆನ್ನಿಸುವ ಒಂದು ಸೌಟು. ನೋಡಲು ಚೆಂದವಿರುವವು ಎರಡು ಬಗೆ: ಮರದ್ದು, ಬಣ್ಣದ ಸಿಲಿಕೋನಿನದು.

ನನ್ನ ಒಲವು ಮರದ ಕಡೆಗೆ. ಅದು ಶಾಖವನ್ನು ಬೇಗ ಸಾಗಿಸುವುದಿಲ್ಲ. ಕುದಿಯುವ ಪಾತ್ರೆಯಲ್ಲಿ ಕೊಂಚ ಹೊತ್ತು ಮರೆತರೂ ಹಿಡಿಯ ತುದಿ ಕೈ ಸುಡುವುದಿಲ್ಲ. ವರ್ಷ ಕಳೆದಂತೆ ಅಂಚು ಒಂದೇ ಕಡೆ ಸವೆದು, ನಿಮ್ಮ ಕೈಯ ವಾಲಿಕೆಯನ್ನೇ ಕಲಿತುಕೊಳ್ಳುತ್ತದೆ. ಆದರೆ ಅದಕ್ಕೆ ಉಪಚಾರ ಬೇಕು. ನೀರಿನಲ್ಲಿ ನೆನೆಹಾಕಿದರೆ ಉಬ್ಬಿ ಬಿರುಕು ಬಿಡುತ್ತದೆ. ಪಾತ್ರೆ ತೊಳೆಯುವ ಯಂತ್ರವಂತೂ ಅದಕ್ಕೆ ಆಗದು. ತೊಳೆದ ಕೂಡಲೇ ಒರೆಸಿ, ನಿಲ್ಲಿಸಿ ಒಣಗಿಸಬೇಕು. ಕೊಳ್ಳುವಾಗ ಬೀಚ್, ಮೇಪಲ್‌ನಂತಹ, ಎಳೆಗಳು ಒತ್ತಾಗಿರುವ ಮರ ನೋಡಿ. ಬೆರಳಾಡಿಸಿದಾಗ ಚುಚ್ಚಿದರೆ ಅಲ್ಲೇ ಬಿಟ್ಟು ಬನ್ನಿ.

ತೊಳೆಯುವ ಕೆಲಸಕ್ಕೇ ಹೆದರಿ ಅಡುಗೆ ಬಿಟ್ಟವರಾದರೆ ಸಿಲಿಕೋನೇ ಸರಿ. ಒಳ್ಳೆಯದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ತಾಳುತ್ತದೆ, ಬಾಗುವ ಅಂಚು ಪಾತ್ರೆಯ ಮೂಲೆಯನ್ನೂ ಬಳಿದು ತರುತ್ತದೆ, ನಾನ್‌ಸ್ಟಿಕ್ ಲೇಪಕ್ಕೆ ಗೀರು ಬೀಳುವುದಿಲ್ಲ. ತಲೆಯನ್ನೂ ಹಿಡಿಯನ್ನೂ ಬೇರೆಬೇರೆ ಮಾಡಿ ಜೋಡಿಸಿದ್ದನ್ನು ಮಾತ್ರ ಕೊಳ್ಳಬೇಡಿ. ಆ ಸಂದಿಯಲ್ಲಿ ನೀರು, ಜಿಡ್ಡು ಸೇರಿ ವಾಸನೆ ಹಿಡಿಯುತ್ತದೆ. ಬಣ್ಣಕ್ಕೆ ಮನಸೋತು ಕೊಂಡಿದ್ದ ನನ್ನ ಹಳದಿ ಸೌಟು ಕಸಕ್ಕೆ ಹೋದದ್ದು ಹೀಗೆಯೇ.