ಇಟ್ಟಿಗೆ ಗೋಡೆಗೆ ಹಿತ್ತಾಳೆ ಬೋರ್ಡು, ಡ್ರಿಲ್ ಇಲ್ದೆ: ಎಂಎಸ್ ಪಾಲಿಮರ್ ಅಂಟು, 3 ವರ್ಷ ಬಳಸಿದ್ಮೇಲೆ

ಜನವರಿ 2022ರಲ್ಲಿ ಅಂಟಿಸಿದ್ದು, ಮಾರ್ಚ್ 2025ರಲ್ಲಿ ಮನೆ ಬದಲಾಯಿಸುವಾಗ ನಾನೇ ಕಿತ್ತಿದ್ದು, ಅಲ್ಲಿವರೆಗೂ ಕೂದಲೆಳೆಯಷ್ಟೂ ಅಲ್ಲಾಡ್ಲಿಲ್ಲ. 5ಕ್ಕೆ 4.5 ಕೊಡ್ತೀನಿ, ಆ ಅರ್ಧ ಯಾಕೆ ಕಟ್ ಮಾಡ್ದೆ ಅಂತ ಕೊನೇಲಿ ಹೇಳ್ತೀನಿ.

ಬೋರ್ಡು ಅಪ್ಪ ರಿಟೈರ್ ಆದಾಗ ಮಾಡಿಸಿದ್ದು. ಹಿತ್ತಾಳೆದು, ಮನೆ ಹೆಸರು ಕನ್ನಡದಲ್ಲಿ ಕೊರೆಸಿರೋದು, ಒಂದೂವರೆ ಅಡಿ ಅಗಲ, ತೂಕ ಒಂದು ಕೆಜಿ ಮೇಲೆ. ಅಪ್ಪ ಹೋದ್ಮೇಲೆ ಊರಿನ ಮನೆ ಕೊಟ್ವಿ, ಬೋರ್ಡು ಮಾತ್ರ ನನ್ ಜೊತೆ ಬೆಂಗಳೂರಿಗೆ ಬಂತು. ಬಾಡಿಗೆ ಮನೆ, ಮುಂದಿನ ಗೋಡೆ ಪ್ಲಾಸ್ಟರ್ ಮಾಡ್ದೆ ಇಟ್ಟಿಗೆ ಕಾಣೋ ಹಾಗೇ ಬಿಟ್ಟಿದ್ರು. ಓನರ್ ಅಂಕಲ್ ಮೊದಲನೇ ದಿನಾನೇ "ನೋಡಪ್ಪಾ, ಆ ಗೋಡೆಗೆ ಮಾತ್ರ ಡ್ರಿಲ್ ಮುಟ್ಟಿಸ್ಬೇಡ" ಅಂದ್ರು. ಹಿಂದೆ ಇದ್ದೋರು ಲೈಟ್ ಹಾಕೋಕೆ ತೂತು ಹೊಡೆದಾಗ ಇಟ್ಟಿಗೆ ಮುಖಾನೇ ಚಕ್ಕೆ ಎದ್ದು ಬಂದು, ಮಳೆಗಾಲದಲ್ಲಿ ಆ ತೂತಿಂದ ನೀರಿಳಿದು ಒಳಗಡೆ ಗೋಡೆ ಎಲ್ಲಾ ಹಸಿ ಹಸಿ ಆಗಿತ್ತಂತೆ. ಅವರು ಹೇಳಿದ್ದು ನ್ಯಾಯ ಅನ್ನಿಸ್ತು.

ಮೊದ್ಲು ಡಬಲ್ ಸೈಡ್ ಟೇಪ್ ಟ್ರೈ ಮಾಡ್ದೆ, ಕಂಪನಿ ಹೆಸರು ಬೇಡ, ತಪ್ಪು ಟೇಪ್‌ದಲ್ಲ. ಇಟ್ಟಿಗೆ ಮುಖ ತರಿತರಿ ಇರುತ್ತೆ, ಟೇಪ್ ಅದರ ಉಬ್ಬುಗಳಿಗೆ ಮಾತ್ರ ತಾಗೋದು, ಮಿಕ್ಕಿದ್ದೆಲ್ಲ ಗಾಳಿ. ಒಂಬತ್ತನೇ ದಿನ ರಾತ್ರಿ ಢಣ್ ಅಂತ ಬಿತ್ತು, ಎದ್ದು ಹೋಗಿ ನೋಡಿದ್ರೆ ಒಂದು ಮೂಲೆ ಬಗ್ಗೋಗಿತ್ತು. ತುಂಬಾ ಸಂಕಟ ಆಯ್ತು ಅವತ್ತು.

ಆಮೇಲೆ ಇಟ್ಟಿಗೆಗೆ ಸಿಗಿಸೋ ಕ್ಲಿಪ್ ನೋಡ್ದೆ. ನಂಗೆ ಸಿಕ್ಕಿದ್ದು ಅಮೆರಿಕದ ಎರಡೂಕಾಲು ಇಂಚು ಎತ್ತರದ ಇಟ್ಟಿಗೆಗೆ ಮಾಡಿದ್ದು, ನಮ್ ಇಟ್ಟಿಗೆ ಮೂರು ಇಂಚು. ಅಳತೆ ಸರಿ ಇದ್ರೂ ಮಧ್ಯದ ಸಿಮೆಂಟು ಒಂದಷ್ಟು ಒಳಗಿದ್ರೆ ಮಾತ್ರ ಅದು ಹಲ್ಲು ಕಚ್ಚೋದು. ಅದೂ ಆಗ್ಲಿಲ್ಲ ಅಂತ ಹೋದ್ರೆ ಹಾರ್ಡ್‌ವೇರ್ ಅಂಗಡಿ ಅಣ್ಣ ಸಿಲಿಕೋನ್ ಅಂಟು ಕೊಟ್ರು. ಟ್ಯೂಬ್ ತುದಿ ಕತ್ತರಿಸಿದ ತಕ್ಷಣ ವಿನೆಗರ್ ವಾಸನೆ. ಹಿತ್ತಾಳೆ ಚೂರಿಗೆ ಹಚ್ಚಿ ನೋಡಿದ್ರೆ ಕೆಲವೇ ದಿನಕ್ಕೆ ಅಂಚು ಹಸಿರಾಯ್ತು. ಆ ವಾಸನೆ ಬರೋ ಸಿಲಿಕೋನ್ ಹಿತ್ತಾಳೆ, ತಾಮ್ರದ ಹತ್ರಾನೂ ತರಬೇಡಿ, ಅದರಲ್ಲಿ ಬಿಡುಗಡೆ ಆಗೋ ಆಸಿಡ್ ಲೋಹ ತಿನ್ನುತ್ತೆ.

ಕೊನೆಗೆ ತಗೊಂಡಿದ್ದು ಎಂಎಸ್ ಪಾಲಿಮರ್, 290 ಎಂಎಲ್ ಟ್ಯೂಬು, ನಂಗೆ ಸುಮಾರು 500 ರೂಪಾಯಿ ಬಿತ್ತು, ಅಂಟು ಹಿಂಡೋ ಗನ್ ಬೇರೆ. ಇದು ಒಣಗಿದ್ಮೇಲೂ ರಬ್ಬರ್ ಥರ ಇರುತ್ತೆ, ಅದೇ ಮುಖ್ಯ. ನಮ್ ಗೋಡೆ ಪಶ್ಚಿಮಕ್ಕೆ, ಏಪ್ರಿಲ್‌ನಲ್ಲಿ ಮಧ್ಯಾಹ್ನ ಬೋರ್ಡು ಮುಟ್ಟೋಕಾಗಲ್ಲ, ರಾತ್ರಿ ತಣ್ಣಗೆ. ಹಿತ್ತಾಳೆ ಬಿಸಿಗೆ ಇಟ್ಟಿಗೆಗಿಂತ ಮೂರು ಪಟ್ಟು ಹಿಗ್ಗುತ್ತೆ, 40 ಡಿಗ್ರಿ ಏರಿಳಿತಕ್ಕೆ ಒಂದೂವರೆ ಅಡಿ ಬೋರ್ಡಲ್ಲಿ ಹೆಚ್ಚುಕಮ್ಮಿ ಕಾಲು ಮಿಲಿಮೀಟರ್ ವ್ಯತ್ಯಾಸ, ದಿನಾ ಈ ಎಳೆದಾಟ ನಡೀತಾನೇ ಇರುತ್ತೆ. ಎಪಾಕ್ಸಿ ಥರ ಕಲ್ಲಾಗೋ ಅಂಟು ಅಲ್ಲಿ ಒಂದೋ ತಾನು ಬಿಡುತ್ತೆ, ಇಲ್ಲಾಂದ್ರೆ ಇಟ್ಟಿಗೆ ಪದರಾನೇ ಕಿತ್ಕೊಂಡು ಬರುತ್ತೆ. ಎಂಎಸ್ ಪಾಲಿಮರ್ ಎಳೆದಂಗೆ ಎಳೆಸ್ಕೊಳುತ್ತೆ.

ಆದ್ರೆ ಅಂಟಿಗಿಂತ ಗೋಡೆ ರೆಡಿ ಮಾಡೋದ್ರಲ್ಲೇ ಎಲ್ಲಾ ಇದೆ, ದಯವಿಟ್ಟು ಇದನ್ನ ಬಿಡ್ಬೇಡಿ. ತಂತಿ ಬ್ರಶ್‌ನಲ್ಲಿ ಇಟ್ಟಿಗೆ ಮೇಲೆ ಎದ್ದಿರೋ ಬಿಳಿ ಉಪ್ಪು, ಧೂಳು ಎಲ್ಲಾ ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿ ಎರಡು ದಿನ ಒಣಗಕ್ಕೆ ಬಿಟ್ಟೆ. ಸೆಲ್ಲೋಟೇಪ್ ಅಂಟಿಸಿ ಕಿತ್ತು ನೋಡಿ, ಅದರ ಮೇಲೆ ಕೆಂಪು ಪುಡಿ ಬಂದ್ರೆ ಇನ್ನೂ ಉಜ್ಜಬೇಕು, ನಂಗೆ ಮೂರನೇ ಸಲಕ್ಕೆ ಟೇಪ್ ಕ್ಲೀನಾಗಿ ಬಂತು. ಬೋರ್ಡ್ ಹಿಂದೆ ಇದ್ದ ಲ್ಯಾಕರ್ (ಹೊಳಪಿನ ಲೇಪ) ಉಪ್ಪುಕಾಗದದಲ್ಲಿ ತೆಗೆದು ಥಿನ್ನರಲ್ಲಿ ಒರೆಸ್ದೆ. ಅಂಟು ಮೇಲಿಂದ ಕೆಳಕ್ಕೆ ನಾಲ್ಕು ಉದ್ದ ಗೆರೆ, ಅಷ್ಟೇ. ಸುತ್ತಲೂ ಹಚ್ಚಿ ಮುಚ್ಚಬೇಡಿ, ಇದು ಗಾಳೀಲಿರೋ ತೇವದಿಂದ ಗಟ್ಟಿ ಆಗೋದು, ದಿನಕ್ಕೆ 2-3 ಮಿಲಿಮೀಟರ್ ಮಾತ್ರ, ಗೆರೆ ಮಧ್ಯ ಜಾಗ ಇದ್ರೆ ಮಳೆ ನೀರೂ ಕೆಳಗಿಳಿದು ಹೋಗುತ್ತೆ. ಅಂಟೆಲ್ಲ ಆಚೆ ಹಿಂಡಿ ಹೋಗ್ದೇ ಇರ್ಲಿ ಅಂತ ಹಿಂದೆ ಎರಡು ಕಡೆ 3 ಮಿಲಿಮೀಟರ್ ರಬ್ಬರ್ ಚೂರು ಇಟ್ಟಿದ್ದೆ. ಕೆಳಗೆ ಕೋಲು ಆನಿಸಿ ಮಾಸ್ಕಿಂಗ್ ಟೇಪ್ ಹಾಕಿ ಮೂರು ದಿನ ಮುಟ್ಲಿಲ್ಲ.

ತೆಗೆದಿದ್ದು ಗಿಟಾರ್ ತಂತಿಲಿ, ಎರಡು ತುದಿಗೂ ಕಡ್ಡಿ ಕಟ್ಕೊಂಡು ಬೋರ್ಡ್ ಹಿಂದೆ ಗರಗಸದ ಥರ ಎಳೆದ್ರೆ ಅಂಟು ಕುಯ್ದು ಬರುತ್ತೆ, ಒಬ್ರು ಬೋರ್ಡ್ ಹಿಡ್ಕೊಂಡಿರ್ಬೇಕು. 20 ನಿಮಿಷ ಆಯ್ತು. ಗೋಡೆ ಮೇಲೆ ಉಳಿದಿದ್ದು ಬ್ಲೇಡಲ್ಲಿ ಕೆರೆದ್ರೂ ಇಟ್ಟಿಗೆ ರಂಧ್ರದಲ್ಲಿ ಸಣ್ಣ ಕಲೆ ಹಾಗೇ ಇತ್ತು. ಅರ್ಧ ಸ್ಟಾರ್ ಹೋಗಿದ್ದು ಅದಕ್ಕೆ. ಒಡೆದ ಇಟ್ಟಿಗೆ ಚೂರಿಂದ ಅದರ ಮೇಲೆ ಉಜ್ಜಿದೆ, ಆ ಪುಡಿ ಕೂತು ದೂರದಿಂದ ಕಾಣಲ್ಲ. ಅಂಕಲ್ ಹತ್ರ ಬಂದು ಬೆರಳಲ್ಲಿ ಸವರಿ ನೋಡಿ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ರು. ಹೊಸ ಮನೇಲೂ ಅದೇ ಅಂಟು ಹಾಕಿದೀನಿ. ಬಗ್ಗಿದ ಮೂಲೆ ಸರಿ ಮಾಡಿಸ್ಲಿಲ್ಲ, ತಟ್ಟಿದ್ರೆ ಅಕ್ಷರ ಹೋಗುತ್ತೆ ಅಂದ್ರು.