ರಾಮ ದರ್ಬಾರ್ ಇರುವ '1818ರ ಕಂಪನಿ ನಾಣ್ಯ' ಕೊಳ್ಳಬೇಡಿ, ಮಾರಲೂ ಹೋಗಬೇಡಿ

ಜಾತ್ರೆಯಲ್ಲೋ, ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲೋ ನಿಮಗೆ ಒಂದು ದಪ್ಪ ತಾಮ್ರದ ನಾಣ್ಯ ಸಿಗಬಹುದು. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಜೊತೆಗೆ ಹನುಮಂತ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ 'ಈಸ್ಟ್ ಇಂಡಿಯಾ ಕಂಪನಿ', 'ಯುಕೆಎಲ್ ಒನ್ ಅಣಾ', ಕೆಳಗೆ 1818. ಇನ್ನೂರು ವರ್ಷ ಹಳೇದು, ಲಕ್ಷಗಟ್ಟಲೆ ಬೆಲೆ ಬಾಳುತ್ತೆ ಅಂತ ಮಾರುವವನು ಹೇಳುತ್ತಾನೆ. ನಂಬಬೇಡಿ. ನಕಲಿ ಅನ್ನಬೇಕಾದರೂ ಎಲ್ಲೋ ಒಂದು ಅಸಲಿ ಇರಬೇಕು. ಇದಕ್ಕೆ ಅಸಲಿಯೇ ಇಲ್ಲ. ಕಂಪನಿ ಇಂಥ ನಾಣ್ಯವನ್ನು ಯಾವತ್ತೂ ಹೊರಡಿಸಿಲ್ಲ.

ಇದನ್ನು ನಂಬಿ ನಮ್ಮ ಚಿಕ್ಕಪ್ಪ ಒಂದೂವರೆ ಲಕ್ಷದ ಹತ್ತಿರ ಹತ್ತಿರ ಕಳೆದುಕೊಂಡರು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಅವರೇ ಹೇಳಿದರು.

ಅವರು ನಾಣ್ಯ ಕೊಂಡಿದ್ದು ಒಂದು ಜಾತ್ರೆಯಲ್ಲಿ, ಆರು ಸಾವಿರಕ್ಕೆ. ದೇವರ ಮನೆಯಲ್ಲಿ ಇಡಲು ಕೊಂಡರು, ಮಾರುವ ಯೋಚನೆಯೇ ಇರಲಿಲ್ಲ. ಆಮೇಲೆ ಯಾರೋ ಒಂದು ವಿಡಿಯೋ ಕಳಿಸಿದರು. ಅದರಲ್ಲಿ ಇದೇ ನಾಣ್ಯ ತೋರಿಸಿ, ಇದಕ್ಕೆ ಕೋಟಿ ಕೊಡುವವರಿದ್ದಾರೆ ಅಂತ ಹೇಳಿದ್ದರು. ಚಿಕ್ಕಪ್ಪ ಹಳೇ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಫೋಟೋ, ಫೋನ್ ನಂಬರ್ ಹಾಕಿದರು. ಅದೇ ದಿನ ಸಂಜೆ ಕರೆ ಬಂತು. ಮಾತಾಡಿದವನು ಒಳ್ಳೆಯ ಕನ್ನಡದಲ್ಲೇ ಮಾತಾಡಿದ. ತಾನು ಒಂದು ಮ್ಯೂಸಿಯಂ ಕಡೆಯವನು, 48 ಲಕ್ಷ ಕೊಡುತ್ತೇವೆ ಅಂದ. ಮೊದಲು ನೋಂದಣಿ ಶುಲ್ಕ 5,500. ಆಮೇಲೆ ಜಿಎಸ್‌ಟಿ. ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪತ್ರಕ್ಕೆ ದುಡ್ಡು, ನಂತರ ಇನ್ಶೂರೆನ್ಸ್. ಪ್ರತಿ ಸಲವೂ ವಾಟ್ಸಾಪ್‌ಗೆ ಮುದ್ರೆ, ಸಹಿ ಎಲ್ಲ ಇರುವ ಒಂದು ಕಾಗದ ಬರುತ್ತಿತ್ತು.

ನನಗೆ ವಿಷಯ ಗೊತ್ತಾಗಿದ್ದು ಚಿಕ್ಕಮ್ಮನಿಂದ. ಮುಂದಿನ ಕಂತಿಗೆ ಅವರ ಬಳೆ ಅಡ ಇಡಲು ಚಿಕ್ಕಪ್ಪ ಹೊರಟಿದ್ದರು. "ನಿಂಗೆ ಈ ಹಳೇ ನಾಣ್ಯದ್ದೆಲ್ಲ ಗೊತ್ತಲ್ವಾ, ನಿಮ್ಮ ಚಿಕ್ಕಪ್ಪಂಗೆ ಸ್ವಲ್ಪ ಹೇಳು ಮಗಾ" ಅಂದರು. ನಾನು ಹೋಗಿ ನಾಣ್ಯ ಕೈಗೆ ತೆಗೆದುಕೊಂಡೆ. ಹತ್ತಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆ. ಕಪ್ಪು ಬಣ್ಣ ಹತ್ತಿಗೆ ಹತ್ತಿಕೊಂಡು, ಕೆಳಗೆ ಹೊಸ ತಾಮ್ರ ಹೊಳೆಯಿತು. ಅಂಚಿನ ಸುತ್ತ ಒಂದು ಸಣ್ಣ ಗೆರೆ ಇತ್ತು. ಎರಕ ಹೊಯ್ದಾಗ ಅಚ್ಚಿನ ಎರಡು ಭಾಗ ಕೂಡುವ ಜಾಗ ಅದು. ಅದನ್ನು ಅರ ಹಾಕಿ ಉಜ್ಜಿದ ಗುರುತೂ ಕಾಣುತ್ತಿತ್ತು. ಸೀತೆಯ ಮುಖದ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳಿದ್ದವು. ಟಂಕಸಾಲೆಯ ಯಂತ್ರದಲ್ಲಿ ಹೊಡೆದ ನಾಣ್ಯದಲ್ಲಿ ಇವು ಯಾವುದೂ ಇರುವುದಿಲ್ಲ.

ನಿಜ ಹೇಳಬೇಕೆಂದರೆ, ಇಷ್ಟೆಲ್ಲ ನೋಡುವ ಮೊದಲೇ ಆ ಇಸವಿ ಸಾಕು. ಹಳೇ ವಸ್ತು ಕೊಳ್ಳುವವರು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ವಸ್ತುವಿನ ಮೇಲೆ ಬರೆದ ಇಸವಿ ಯಾವುದಕ್ಕೂ ಸಾಕ್ಷಿ ಅಲ್ಲ. ಆ ಇಸವಿಯಲ್ಲಿ ಯಾರ ಆಡಳಿತ ಇತ್ತು, ಯಾವ ಭಾಷೆಯಲ್ಲಿ ಬರೆಯುತ್ತಿದ್ದರು, ಆ ಬೆಲೆಯ ನಾಣ್ಯ ಆಗ ಇತ್ತೇ ಅಂತ ನೋಡಬೇಕು.

1818ರಲ್ಲಿ ಕಂಪನಿಗೆ ಇಡೀ ದೇಶಕ್ಕೆ ಒಂದೇ ನಾಣ್ಯ ಇರಲಿಲ್ಲ. ಬಂಗಾಳ, ಮದರಾಸು, ಬೊಂಬಾಯಿ ಮೂರೂ ಕಡೆ ಬೇರೆ ಬೇರೆ. ಬಂಗಾಳದ ರೂಪಾಯಿಯ ಮೇಲೆ ಇದ್ದದ್ದು ಪರ್ಷಿಯನ್ ಅಕ್ಷರ, ಮೊಗಲ್ ಬಾದಶಹ ಎರಡನೇ ಶಾ ಆಲಂನ ಹೆಸರು. ಅವನು 1806ರಲ್ಲೇ ತೀರಿಕೊಂಡಿದ್ದ, ಆದರೂ ಹೆಸರು ಮುಂದುವರಿಯಿತು. ಮದರಾಸಿನ ಕಡೆ ತಾಮ್ರಕ್ಕೆ ಆಣೆಯ ಲೆಕ್ಕವೇ ಇರಲಿಲ್ಲ, ಕಾಸಿನ ಲೆಕ್ಕ. 1808ರ ಹತ್ತು ಕಾಸು, ಇಪ್ಪತ್ತು ಕಾಸು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೊ ಟಂಕಸಾಲೆಯಲ್ಲಿ ತಯಾರಾದವು. ಅವುಗಳನ್ನು ಹೊತ್ತು ಹೊರಟ 'ಅಡ್ಮಿರಲ್ ಗಾರ್ಡ್‌ನರ್' ಹಡಗು 1809ರಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ಎಷ್ಟೋ ಕಾಲದ ಮೇಲೆ ಆ ನಾಣ್ಯಗಳನ್ನು ಸಮುದ್ರದಿಂದ ಎತ್ತಿದರು. ಇಷ್ಟು ದೊಡ್ಡ ಕಥೆ ಇರುವ ಅಸಲಿ ಕಂಪನಿ ನಾಣ್ಯಕ್ಕೂ ಮಾರುಕಟ್ಟೆಯಲ್ಲಿ ಲಕ್ಷದ ಬೆಲೆ ಇಲ್ಲ.

ದೇಶಕ್ಕೆಲ್ಲ ಒಂದೇ ನಾಣ್ಯ ಬಂದಿದ್ದು 1835ರಲ್ಲಿ. ಆ ವರ್ಷದ ತಾಮ್ರದ ಅರ್ಧ ಆಣೆ ಸುಮಾರು 12.95 ಗ್ರಾಂ, ಕಾಲಾಣೆ ಅದರ ಅರ್ಧ. ತಾಮ್ರದಲ್ಲಿ ಒಂದಾಣೆ ಇರಲೇ ಇಲ್ಲ. ಒಂದಾಣೆ ಅಂತ ಬ್ರಿಟಿಷರು ನಾಣ್ಯ ಬಿಟ್ಟಿದ್ದು 1907ರಲ್ಲಿ, ಅದೂ ತಾಮ್ರ-ನಿಕಲ್ ಮಿಶ್ರಣದಲ್ಲಿ, ಅಲೆಅಲೆಯಾದ ಅಂಚಿನೊಂದಿಗೆ. ಹಾಗಾದರೆ 1818ರ ತಾಮ್ರದ ಒಂದಾಣೆ ಎಲ್ಲಿಂದ ಬಂತು? ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದಾಗ ಚಿಕ್ಕಪ್ಪನ ನಾಣ್ಯ 20 ಗ್ರಾಂ ದಾಟಿತು, ಈ ಯಾವ ತೂಕಕ್ಕೂ ಹೊಂದಲಿಲ್ಲ.

ಇಲ್ಲಿ ಮಾರುವವರು ಒಂದು ವಾದ ಹೂಡುತ್ತಾರೆ: "ಕಂಪನಿಯವರೂ ನಮ್ಮ ದೇವರನ್ನು ನಾಣ್ಯದ ಮೇಲೆ ಹಾಕಿದ್ದರು ಸಾರ್." ಇದರಲ್ಲಿ ಅರ್ಧ ನಿಜ ಇದೆ, ಜನ ಸಿಕ್ಕಿಬೀಳುವುದೂ ಅದಕ್ಕೇ. ವಿಜಯನಗರದ ಮೊದಲ ಅರಸರ ನಾಣ್ಯದಲ್ಲಿ ಹನುಮಂತ ಇದ್ದಾನೆ. ಹೈದರಾಲಿ ತನ್ನ ವರಹದ ಮೇಲೆ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಮದರಾಸಿನಲ್ಲಿ ಕಂಪನಿಯೂ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ವರಹ ಹೊಡೆಸಿತ್ತು. ಆದರೆ ಆ ವರಹಗಳೆಲ್ಲ ಮೂರೂವರೆ ಗ್ರಾಂ ಆಸುಪಾಸಿನ ಪುಟ್ಟ ಚಿನ್ನದ ನಾಣ್ಯಗಳು. ಕಿರುಬೆರಳ ಉಗುರಿನಷ್ಟೇ ಅಗಲ. ದಪ್ಪ ತಾಮ್ರದ ಬಿಲ್ಲೆಯ ಮೇಲೆ ರಾಮ ದರ್ಬಾರ್ ಕೊರೆದು, ಹಿಂದೆ ಇಂಗ್ಲಿಷಿನಲ್ಲಿ ಕಂಪನಿಯ ಹೆಸರು ಬರೆದದ್ದು ಯಾವ ಟಂಕಸಾಲೆಯದ್ದೂ ಅಲ್ಲ. ಹನುಮಂತ, ಗಣೇಶ, ಓಂ, ಕಮಲ ಇರುವ 'ಕಂಪನಿ' ನಾಣ್ಯಗಳೂ ಇದೇ ಗುಂಪಿನವು. ಭಕ್ತಿಯನ್ನು ಹೀಗೆ ದುಡ್ಡಿಗೆ ಬಳಸಿಕೊಳ್ಳುವವರನ್ನು ಕಂಡರೆ ನನಗೆ ತುಂಬಾ ಸಂಕಟ ಆಗುತ್ತದೆ.

ಇದರ ಇನ್ನೊಂದು ರೂಪ 'ರೈಸ್ ಪುಲ್ಲಿಂಗ್'. ನಾಣ್ಯ ಅಥವಾ ತಾಮ್ರದ ಚೊಂಬು ಅಕ್ಕಿಯನ್ನು ಎಳೆಯುತ್ತೆ, ಅದರಲ್ಲಿ ಇರಿಡಿಯಂ ಅನ್ನುವ ದುಬಾರಿ ಲೋಹ ಇದೆ ಅಂತ ಹೇಳಿ ಕೋಟಿಗಟ್ಟಲೆ ವಂಚಿಸುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಸೇರಿಸಿ, ಒಳಗೆ ಅಯಸ್ಕಾಂತ ಇಟ್ಟರೆ ಯಾವ ಚೊಂಬಾದರೂ ಎಳೆಯುತ್ತದೆ.

"ಹೊಲ ಉಳುವಾಗ ಸಿಕ್ಕಿದ್ದು, ಗುಟ್ಟಾಗಿ ಕೊಡ್ತೀನಿ" ಅಂತ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕರ್ನಾಟಕದಲ್ಲಿ ಇದಕ್ಕೆ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅವನು ಹೇಳುವುದು ಸುಳ್ಳಾದರೆ ದುಡ್ಡು ಹೋಗುತ್ತದೆ, ನಿಜವಾದರೆ ಕಾನೂನಿನ ತೊಂದರೆ.

ಕೈಯಲ್ಲಿ ನಿಜವಾದ ಹಳೇ ನಾಣ್ಯ ಇರಬೇಕು ಅನ್ನುವ ಆಸೆ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು ಹುಡುಕಿ. 'ಮಯಿಲಿ ಕಾಸು 20' ಅಂತ ಅದರ ಮೇಲೆ ಕನ್ನಡದಲ್ಲೇ ಇದೆ. ಆನೆ ಇರುವುದೂ ಇದೆ, ಸಿಂಹ ಇರುವುದೂ ಇದೆ. ನಾಣ್ಯ ಸಂಘಗಳ ಪ್ರದರ್ಶನಕ್ಕೆ ಹೋದರೆ ಸವೆದದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಿಲ್ ಕೊಡುವವರ ಹತ್ತಿರ ಮಾತ್ರ ಕೊಳ್ಳಿ.

ಮಾರುವ ವಿಷಯಕ್ಕೆ ಬಂದರೆ, ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ. 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಪ್ರಕಟಣೆ ಹೊರಡಿಸಿ ಇದನ್ನು ಹೇಳಿದೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಅನ್ನುವವರದ್ದೂ ಇದೇ ಕೆಲಸ. ಕೊಳ್ಳುವವನೇ ನಿಮ್ಮಿಂದ ಮೊದಲು ಹಣ ಕೇಳಿದರೆ ಫೋನ್ ಇಟ್ಟುಬಿಡಿ. ಹಣ ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾವು ದೂರು ಕೊಡುವ ಹೊತ್ತಿಗೆ ದಿನಗಳಾಗಿದ್ದವು. ಕೊನೆಯ ಕಂತಿನಲ್ಲಿ ಸ್ವಲ್ಪ ಮಾತ್ರ ಸಿಕ್ಕಿತು.

ದೂರು ಕೊಟ್ಟ ಮೇಲೆ ಚಿಕ್ಕಪ್ಪನಿಗೆ ಮತ್ತೊಂದು ಕರೆ ಬಂತು. ಸೈಬರ್ ಪೊಲೀಸ್ ಕಡೆಯಿಂದ ಅಂತ ಹೇಳಿ, ಹಣ ವಾಪಸ್ ಕೊಡಿಸಲು ಎಂಟು ಸಾವಿರ ಕಟ್ಟಿ ಅಂದರು. ಒಮ್ಮೆ ಹಣ ಕೊಟ್ಟವರ ನಂಬರ್ ಇಂಥವರ ನಡುವೆ ಕೈಬದಲಾಗುತ್ತಲೇ ಇರುತ್ತದೆ, ನಿಮಗೂ ಹೀಗೆ ಕರೆ ಬರಬಹುದು. ಚಿಕ್ಕಪ್ಪ ಈ ಸಲ ದುಡ್ಡು ಕಳಿಸಲಿಲ್ಲ. ನಂಬರ್ ಬರೆದುಕೊಂಡು ಠಾಣೆಗೆ ಹೋಗಿ ದೂರಿಗೆ ಸೇರಿಸಿ ಬಂದರು.