ಟರ್ಬೋ ಹವಾ ಎಲ್ಲಿ ಸೋರ್ತದ? ಓಬಿಡಿ, ಸೋಪಿನ ನೀರು, ಹೊಗೆ – ಮೂರನ್ನೂ ಮಾಡಿ ನೋಡಿದ ಹೋಲಿಕೆ

"ಗಾಡಿ ಜಗ್ಗವಲ್ದು, ಟರ್ಬೋ ಹೋಗೇತಿ." ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ ಗಾಡಿ ಹುಬ್ಬಳ್ಳಿಯ ಗ್ಯಾರೇಜಿಗೆ ಬಂದರೆ ಮೊದಲು ಕೇಳುವ ಮಾತು ಇದು. ಎಷ್ಟೋ ಸಲ ಟರ್ಬೋ ಚೆನ್ನಾಗಿಯೇ ಇರುತ್ತದೆ, ಅದು ತುಂಬಿದ ಹವಾ ಮಾತ್ರ ಎಂಜಿನ್ನಿಗೆ ಮುಟ್ಟುತ್ತಿರುವುದಿಲ್ಲ. ಹಳೆಯ ಸ್ವಿಫ್ಟ್, ಡಿಸೈರ್‌ಗಳ 1248 ಸಿಸಿ ಡೀಸೆಲ್ ಎಂಜಿನ್, ಅದಕ್ಕೆ ರೀಮ್ಯಾಪ್, ಸಿಲಿಕೋನ್ ಹೋಸ್, ಟರ್ಬೋದ ಬಿಸಿ ಹವಾ ತಣಿಸಲು ಮುಂದೆ ಕೂಡಿಸಿದ ದೊಡ್ಡ ಇಂಟರ್‌ಕೂಲರ್: ಈ ಭಾಗದಲ್ಲಿ ಹೆಚ್ಚು ಕಾಣುವ ಜೋಡಣೆ ಇದೇ. ಸೋರಿಕೆ ಹುಡುಕುವ ಮೂರು ದಾರಿಗಳನ್ನು ಇಂಥ ಗಾಡಿಯ ಮೇಲೆಯೇ ಮಾಡಿ ನೋಡಿ ಇಲ್ಲಿ ತೂಗಿದ್ದೇವೆ.

ಮೊದಲು ಓಬಿಡಿ, ಅಂದರೆ ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಸಾಕೆಟ್. ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಇದ್ದರೆ ಪಾನಾ ಹಿಡಿಯದೆಯೇ ಅರ್ಧ ವಿಷಯ ತಿಳಿಯುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಹವಾದ ಒತ್ತಡ ಅಳೆಯುವುದು) ಎಷ್ಟು ತೋರಿಸುತ್ತದೆ ನೋಡಿ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿ 93-94 ಕಿಲೋಪಾಸ್ಕಲ್ ಬರಬೇಕು. ಧಾರವಾಡದಲ್ಲಿ ಇನ್ನೊಂದು ಕಡಿಮೆ. ಬೇರೆ ಊರಿನವರು ಹೇಳುವ 101ನ್ನು ಇಲ್ಲಿ ಹುಡುಕಬೇಡಿ. ಎಂಜಿನ್ ನಿಂತಿರುವಾಗಲೇ ಸೆನ್ಸರ್ 85 ಅಥವಾ 105 ಎನ್ನುತ್ತಿದ್ದರೆ ಹೋಸ್ ತಡಕುವುದು ವ್ಯರ್ಥ. ಸೆನ್ಸರಿನ ಬಾಯಿಗೆ ಮಸಿ ಕಟ್ಟಿದೆ ಅಥವಾ ಸೆನ್ಸರ್ರೇ ಹೋಗಿದೆ. ಬೂಸ್ಟ್ ಎಂದರೆ ಈ ನಿಂತ ಅಂಕಿಯ ಮೇಲೆ ಏರಿದ್ದಷ್ಟೇ. ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟುವಷ್ಟರಲ್ಲಿ ನಿಂತ ಅಂಕಿಯೇ ಏಳರಷ್ಟು ಮೇಲೇರಿರುತ್ತದೆ, ಅದು ಟರ್ಬೋದ ಕೆಲಸವಲ್ಲ.

ಆಮೇಲೆ ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಕುಳಿತವರು ಮೊಬೈಲ್ ನೋಡುವಂತೆ, 3ನೇ ಗೇರಿನಲ್ಲಿ 1500 ಆರ್‌ಪಿಎಂನಿಂದ 3500ರ ವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ ಲಾಗ್ ತೆಗೆಯಿರಿ. ಬೂಸ್ಟ್ ತಡವಾಗಿ ಏರಿ ಕೊನೆಗೆ ಗುರಿ ಮುಟ್ಟಿದರೆ ಸಣ್ಣ ತೂತು, ಸರಿಯಾಗಿ ಮುಚ್ಚದ ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟನ್ನು ಟರ್ಬೋ ತಪ್ಪಿಸಿ ಬಿಡುವ ಬಾಗಿಲು), ಇಲ್ಲವೇ ಟರ್ಬೋಗಿಂತ ಮೊದಲೇ ಸೋರುವ ಎಕ್ಸಾಸ್ಟ್ ಗ್ಯಾಸ್ಕೆಟ್. ಬೇಗ ಏರಿ ಒಂದು ಮಟ್ಟದಲ್ಲಿ ತಟ್ಟನೆ ಬಿದ್ದರೆ, ಒತ್ತಡ ಬಂದಾಗ ಮಾತ್ರ ಬಾಯಿ ಬಿಡುವ ಹೋಸ್ ಇದೆ ಎಂದರ್ಥ. ಸಣ್ಣ ತೂತನ್ನು "ಗುರಿ ಮುಟ್ಟತೈತಲ್ಲ" ಎಂದು ಬಿಡಬೇಡಿ: ಸೋರಿದ ಹವಾ ತುಂಬಿಕೊಡಲು ಟರ್ಬೋ ಇನ್ನೂ ಜೋರಾಗಿ ತಿರುಗಬೇಕು, ರೀಮ್ಯಾಪ್ ಆದ ಗಾಡಿಯಲ್ಲಿ ಅದು ಆಗಲೇ ತನ್ನ ಮಿತಿಯ ಹತ್ತಿರ ಇರುತ್ತದೆ. ಟರ್ಬೋ ನಿಜವಾಗಿ ಹಾಳಾಗುವುದು ಹೀಗೆ.

ಓಬಿಡಿಯ ಕೊರತೆ ಎರಡು. ಸಾಮಾನ್ಯ ಓಬಿಡಿಯಲ್ಲಿ ಮ್ಯಾಪ್ ಅಂಕಿ 255ಕ್ಕೆ ನಿಂತುಬಿಡುತ್ತದೆ, ಅಂದರೆ ಹುಬ್ಬಳ್ಳಿಯಲ್ಲಿ 1.6 ಬಾರ್‌ಗಿಂತ ಮೇಲಿನ ಬೂಸ್ಟ್ ಕಾಣುವುದೇ ಇಲ್ಲ. ಅಗ್ಗದ ಅಡಾಪ್ಟರ್ ನಿಧಾನ ಬೇರೆ. ಆರ್‌ಪಿಎಂ ಮತ್ತು ಮ್ಯಾಪ್ ಎರಡನ್ನೇ ಹಾಕಿ, ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಬೂಸ್ಟ್ ಬಿದ್ದ ಕ್ಷಣವೇ ತಪ್ಪಿಹೋಗುತ್ತದೆ. ಪಿ0299 ಎಂಬ ದೋಷದ ಕೋಡ್ ಬಂದರೂ ಬೂಸ್ಟ್ ಕಡಿಮೆ ಎಂದಷ್ಟೇ ಹೇಳುತ್ತದೆ, ಎಲ್ಲಿ ಸೋರುತ್ತಿದೆ ಎಂದು ಹೇಳುವುದಿಲ್ಲ.

ಅದನ್ನು ಹೇಳುವುದು ಸೋಪಿನ ನೀರು. ಮೂರರಲ್ಲಿ ನಮ್ಮ ಆಯ್ಕೆ ಇದೇ. ಟರ್ಬೋದ ಒಳಬಾಯಿಯ ಹೋಸ್ ಅಳತೆಗೆ ಪಿವಿಸಿ ಎಂಡ್ ಕ್ಯಾಪ್ ತಂದು, ನಡುವೆ ರಂಧ್ರ ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂಡಿಸಿ. ಕ್ಯಾಪನ್ನು ಏರ್ ಫ್ಲೋ ಸೆನ್ಸರ್ ದಾಟಿದ ಮೇಲೆಯೇ ಹಾಕಬೇಕು. ಫಿಲ್ಟರ್ ಡಬ್ಬಿಯ ಕಡೆಯಿಂದ ಹವಾ ಹೊಡೆದರೆ ಡಬ್ಬಿಯೇ ಸೋರಿ ದಾರಿ ತಪ್ಪಿಸುತ್ತದೆ. ಎಂಜಿನ್ ಒಳಗಿನ ಆವಿಯನ್ನು ಅದೇ ಹೋಸಿಗೆ ತರುವ ಬ್ರೀದರ್ ಪೈಪ್ ಬಿಚ್ಚಿ, ಹೋಸ್ ಕಡೆಯ ತೂತನ್ನು ಮುಚ್ಚಿ. ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ, ಇಲ್ಲದಿದ್ದರೆ ಒಳಗೆ ಒತ್ತಡ ತುಂಬಿ ಆಯಿಲ್ ಸೀಲ್‌ಗಳಿಗೆ ಪೆಟ್ಟು.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರವಾಗಿ ಜೋಡಿಸಲೇಬಾರದು, ನಡುವೆ ರೆಗ್ಯುಲೇಟರ್ ಬೇಕು. ಮೊದಲು 0.3 ಬಾರ್, ಆಮೇಲೆ 0.7, ಕೊನೆಗೆ 1 ಬಾರ್. 60 ಮಿಲಿಮೀಟರ್ ಕ್ಯಾಪಿನ ಮೇಲೆ 1 ಬಾರ್ ಎಂದರೆ ಸುಮಾರು 29 ಕೆಜಿ ತಳ್ಳಿದಂತೆ, ಅದರೆದುರು ಮುಖ ಇಡಬೇಡಿ. ಒಂದು ಪಾಲು ಪಾತ್ರೆ ತೊಳೆಯುವ ಲಿಕ್ವಿಡ್, ಹತ್ತು ಪಾಲು ನೀರು, ಸ್ಪ್ರೇ ಬಾಟಲಿ. ಜಾಯಿಂಟುಗಳ ಮೇಲೆ ಹೊಡೆದಾಗ ಗುಳ್ಳೆ ಎದ್ದ ಕಡೆಯೇ ಸೋರಿಕೆ. ಎಂಜಿನ್ ತಣ್ಣಗಿರಬೇಕು, ಕನೆಕ್ಟರುಗಳ ಮೇಲೆ ಬೀಳಬಾರದು. ಒತ್ತಡ ಇರುವಾಗಲೇ ಪ್ರತಿ ಹೋಸನ್ನು ಕೈಯಿಂದ ಅಲ್ಲಾಡಿಸಿ. ಎಂಜಿನ್ ಮೌಂಟ್ ಸವೆದಿದ್ದರೆ ಓಡುವಾಗ ಎಂಜಿನ್ ವಾಲಿ ಹೋಸ್ ಜಗ್ಗುತ್ತದೆ, ನಿಂತ ಗಾಡಿಯಲ್ಲಿ ಅದು ಗೊತ್ತಾಗುವುದಿಲ್ಲ.

ಆಯಿಲ್ ಬಾಯಿಯಿಂದ ಸ್ವಲ್ಪ ಸುಯ್ ಎನ್ನುವುದು ಸಹಜ, ಪಿಸ್ಟನ್ ರಿಂಗ್ ದಾಟಿದ ಹವಾ ಅದು. ಸೈಲೆನ್ಸರ್ ಬಾಯಿಂದ ಹವಾ ಬಂದರೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಹವಾ ಬರುವುದು ನಿಂತರೆ, ಹವಾ ಒಳಬಿಡುವ ಮತ್ತು ಹೊಗೆ ಹೊರಬಿಡುವ ಎರಡೂ ವಾಲ್ವ್ ಒಟ್ಟಿಗೆ ತೆರೆದ ಜಾಗದಲ್ಲಿ ಎಂಜಿನ್ ನಿಂತಿತ್ತು ಅಷ್ಟೇ. ಅದೇ ದಿಕ್ಕಿಗೆ ಇನ್ನೆರಡು ಸಲ ತಿರುಗಿಸಿದರೂ ನಿಲ್ಲದಿದ್ದರೆ ಮಸಿ ಕಟ್ಟಿ ಅರ್ಧ ತೆರೆದ ಇಜಿಆರ್ ವಾಲ್ವ್ (ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವುದು) ಮೇಲೆ ಸಂಶಯ ಪಡಿ. ಇದನ್ನು ತಿಳಿಯದೆ ಟರ್ಬೋ ಬಿಚ್ಚಿದವರಿದ್ದಾರೆ.

ಬೇಸಿಗೆಯಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ಓಡುವ ಗಾಡಿಗಳಲ್ಲಿ ನೀರು ಹೊಡೆಯುವ ಮೊದಲೇ ಒಂದು ಗುರುತು ಸಿಗುತ್ತದೆ: ಸೋರುವ ಜಾಯಿಂಟಿನಿಂದ ಹೊರಬಂದ ಆಯಿಲ್ ಆವಿಗೆ ಎರೆಮಣ್ಣಿನ ಧೂಳು ಹತ್ತಿ ಕರಿ ಕೆಸರಿನ ಬಳೆ ಕಟ್ಟಿರುತ್ತದೆ.

ಪೈಪಿನೊಳಗೆ ಹೊಗೆ ತುಂಬಿ, ಅದು ಹೊರಬರುವ ಜಾಗ ತೋರಿಸುವ ಹೊಗೆ ಯಂತ್ರದ ಬಗ್ಗೆ ಇರುವ ಭರವಸೆ ಸ್ವಲ್ಪ ಹೆಚ್ಚೇ ಆಯಿತು. ಅದು ಕೆಲಸ ಮಾಡುವುದು 0.03ರಿಂದ 0.07 ಬಾರ್ ಒತ್ತಡದಲ್ಲಿ. ಸೂಜಿಮೊನೆಯಷ್ಟು ಬಿರುಕು, ಒಣಗಿದ ವ್ಯಾಕ್ಯೂಮ್ ಪೈಪು ಚೆನ್ನಾಗಿ ತೋರಿಸುತ್ತದೆ. ಆದರೆ 0.8 ಬಾರ್‌ನಲ್ಲಿ ಬಾಯಿ ಬಿಡುವ ಸಿಲಿಕೋನ್ ಹೋಸ್ ಹೊಗೆಯ ಮುಂದೆ ಸಾಚಾ ಆಗಿ ನಿಲ್ಲುತ್ತದೆ, ಮಾಡಿಫೈ ಮಾಡಿದ ಗಾಡಿಯಲ್ಲಿ ಹೆಚ್ಚು ಕಾಡುವುದೇ ಆ ಹೋಸ್. ಹೊಗೆ ಗೆಲ್ಲುವುದು ಸೋಪಿನ ನೀರು ಮುಟ್ಟದ ಜಾಗದಲ್ಲಿ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಟರ್ಬೋ ನಡುವಿನ ಗ್ಯಾಸ್ಕೆಟ್‌ನಲ್ಲಿ. ಸೈಲೆನ್ಸರ್ ಬಾಯಿಂದ ಹೊಗೆ ತುಂಬಿದರೆ ಬಿರುಕು ತಾನಾಗಿ ಕಾಣುತ್ತದೆ.

ಹೀಗಾಗಿ ಓಬಿಡಿ ಮೊದಲು, ಸೋಪಿನ ನೀರು ಎರಡನೆಯದು. ಲಾಗ್‌ನಲ್ಲಿ ಬೂಸ್ಟ್ ತಡವಾಗಿ ಏರುತ್ತಿದ್ದು ಗುಳ್ಳೆ ಎಲ್ಲೂ ಕಾಣದಿದ್ದರೆ ಮಾತ್ರ ಹೊಗೆಗೆ ದುಡ್ಡು ಕೊಡಿ. ಅದಕ್ಕೂ ಮುಂಚೆ ಕೈಪಂಪಿನಿಂದ ವೇಸ್ಟ್‌ಗೇಟ್ ಆಡಿಸುವ ಆಕ್ಚುವೇಟರ್ ನೋಡಿಬಿಡಿ: ರಾಡ್ ತಡವರಿಸದೆ ಸರಿಯಬೇಕು, ಒಂದು ನಿಮಿಷ ಮೀಟರಿನ ಮುಳ್ಳು ಇಳಿಯಬಾರದು. ಟರ್ಬೋ ಶಾಫ್ಟ್ ಅಡ್ಡಕ್ಕೆ ತುಸು ಅಲ್ಲಾಡುವುದು ಸರಿ, ಬೇರಿಂಗ್ ಆಯಿಲ್ ಪದರದ ಮೇಲೆ ತೇಲುವಂಥದ್ದು. ಉದ್ದಕ್ಕೆ ಹಿಂದೆ ಮುಂದೆ ಆಡಿದ್ದು ಕೈಗೆ ತಿಳಿದರೆ ಅಥವಾ ರೆಕ್ಕೆ ಗೋಡೆಗೆ ತಾಗಿದ ಗೀರು ಇದ್ದರೆ ಆಗ ಟರ್ಬೋ ಬಿಚ್ಚಿ.

ಸೋರಿಕೆ ಸಿಕ್ಕ ಮೇಲೆ ಬರೀ ಕ್ಲಿಪ್ ಬಿಗಿದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕತೆ. ಲೋಕಲ್ ಆಗಿ ವೆಲ್ಡ್ ಮಾಡಿಸಿದ ಅಲ್ಯೂಮಿನಿಯಂ ಪೈಪಿನ ತುದಿ ನುಣುಪಾಗಿದ್ದರೆ ಹೋಸ್ ಜಾರಿಯೇ ಜಾರುತ್ತದೆ. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತುದಿಯ ಸುತ್ತ ಟಿಗ್ ವೆಲ್ಡಿನ ಏಣು ಎಬ್ಬಿಸಿಕೊಳ್ಳಿ. ಸಾದಾ ಸಿಲಿಕೋನ್ ಆಯಿಲ್ ತಾಗಿ ಮೆತ್ತಗಾಗುತ್ತದೆ, ಒಳಗೆ ಫ್ಲೋರೋಸಿಲಿಕೋನ್ ಪದರ ಇರುವುದನ್ನೇ ತನ್ನಿ. ಹಲ್ಲಿನ ಕ್ಲಿಪ್ ಬೇಡ, ಅದು ಹೋಸನ್ನು ಕೊಯ್ಯುತ್ತದೆ. ಟಿ-ಬೋಲ್ಟ್ ಕ್ಲಾಂಪ್ ಹಾಕಿ, ಪೈಪಿನ ಏಣು ದಾಟಿ ಒಳಗಡೆ ಕೂಡಿಸಿ. ಒಳಗಿನ ಆಯಿಲ್ ಜಿಡ್ಡನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಗಿಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಕ್ಲಾಂಪಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.